ಪುಟ್ಟ ಮಕ್ಕಳ ಮುಂದೆ ತಮಾಷೆಯ ದನಿ: ನಿಮ್ಮ ಗಂಟಲು ಕಟ್ಟದಂತೆ, ಮಗು ಬೆಚ್ಚದಂತೆ

ತಮಾಷೆಯ ದನಿ ಎಂದಕೂಡಲೇ ಹೆಚ್ಚಿನವರು ಮಾಡುವುದು ಒಂದೇ: ಗಂಟಲು ಹಿಂಡಿ ಕೀರಲು ದನಿ ತೆಗೆಯುವುದು. ಮೊದಲ ಅರ್ಧ ನಿಮಿಷ ಮಕ್ಕಳು ಕಿಲಕಿಲ ನಗುತ್ತಾರೆ. ಮೂರನೇ ನಿಮಿಷಕ್ಕೆ ಆ ದನಿ ಅವರ ಕಿವಿಗೆ ಮಾಮೂಲಾಗಿರುತ್ತದೆ. ಹತ್ತನೇ ನಿಮಿಷಕ್ಕೆ ನಿಮ್ಮ ಗಂಟಲು ಕೆರೆಯತೊಡಗುತ್ತದೆ. ಮಕ್ಕಳಿಗೆ ನಗು ಬರುವುದು ದನಿ ಬದಲಾಗುವ ಗಳಿಗೆಯಲ್ಲಿ. ಬದಲಾದ ದನಿ ಅಲ್ಲೇ ಉಳಿದುಬಿಟ್ಟರೆ ನಗುವುದಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ಕಾರ್ಯಕ್ರಮದ ಮುಕ್ಕಾಲು ಪಾಲು ನಿಮ್ಮ ಸಹಜ ದನಿಯಲ್ಲೇ ಸಾಗಲಿ. ಪಾತ್ರಗಳಿಗೆ ಉಳಿದ ಕಾಲು ಪಾಲು ಧಾರಾಳವಾಯಿತು.

ಕಥೆ ಹೇಳುವವರು, ಗೊಂಬೆ ಆಡಿಸುವವರು, ಶಿಶುವಿಹಾರದ ಶಿಕ್ಷಕಿಯರು, ಅಂತೂ 1ರಿಂದ 7 ವರ್ಷದ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ದನಿ ಬದಲಿಸಬೇಕಾದ ಯಾರಿಗಾದರೂ ಇಲ್ಲಿನ ಹಂತಗಳು ಒದಗುತ್ತವೆ.

ದನಿ ಹುಟ್ಟುವ ಜಾಗ, ಬಣ್ಣ ಪಡೆಯುವ ಜಾಗ

ಮಾತಾಡುವಾಗ ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿತಂತುಗಳು ಒಂದಕ್ಕೊಂದು ತಾಗಿ ಕಂಪಿಸುತ್ತವೆ. ಮಾಮೂಲು ಮಾತಿನಲ್ಲಿ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ, ಹೆಂಗಸರಲ್ಲಿ ಸುಮಾರು 180ರಿಂದ 220 ಬಾರಿ. ಕೀರಲು ದನಿ ತೆಗೆದರೆ ಇದು 400 ದಾಟಬಹುದು. ಜೋರಾಗಿ, ಬಿಗಿಯಾಗಿ ತೆಗೆದಷ್ಟೂ ತಂತುಗಳು ಗಟ್ಟಿಯಾಗಿ ಬಡಿದುಕೊಂಡು ಊದಿಕೊಳ್ಳುತ್ತವೆ. ಮರುದಿನದ ಗೊಗ್ಗರು ದನಿಗೆ ಕಾರಣ ಇದೇ.

ಆದರೆ ಕೇಳುಗರಿಗೆ 'ಇದು ಇಲಿ', 'ಇದು ರಾಕ್ಷಸ' ಎಂದು ಹೇಳುವುದು ಬರೀ ಕಂಪನವಲ್ಲ. ಆ ಸದ್ದು ಗಂಟಲು, ಬಾಯಿ, ಮೂಗುಗಳ ಕೊಳವೆಯಲ್ಲಿ ಹಾದು ಬರುವಾಗ ಬಣ್ಣ ಪಡೆಯುತ್ತದೆ. ಕೊಳವೆ ಉದ್ದವಾದರೆ ದೊಡ್ಡ ದೇಹದ ದನಿ, ಗಿಡ್ಡವಾದರೆ ಸಣ್ಣ ದೇಹದ ದನಿ. ಹೀಲಿಯಂ ಉಸಿರಾಡಿದವರ ದನಿ ಕೀರಲಾಗಿ ಕೇಳುವುದು ಇದಕ್ಕೆ ಒಳ್ಳೆಯ ಸಾಕ್ಷಿ. ಆ ಅನಿಲದಲ್ಲಿ ಶಬ್ದ ಗಾಳಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ವೇಗವಾಗಿ ಹೋಗುವುದರಿಂದ ಕೊಳವೆಯ ಬಣ್ಣ ಮಾತ್ರ ಬದಲಾಗುತ್ತದೆ. ತಂತುಗಳು ಹೆಚ್ಚುಕಡಿಮೆ ಮೊದಲಿನಷ್ಟೇ ವೇಗದಲ್ಲಿ ಕಂಪಿಸುತ್ತಿರುತ್ತವೆ. (ಮಕ್ಕಳ ಮುಂದೆ ಅದನ್ನು ಎಂದಿಗೂ ಮಾಡಿ ತೋರಿಸಬೇಡಿ. ಅದು ಆಮ್ಲಜನಕದ ಜಾಗವನ್ನು ತುಂಬಿ ಪ್ರಜ್ಞೆ ತಪ್ಪಿಸುತ್ತದೆ, ಪ್ರಾಣವನ್ನೂ ತೆಗೆಯಬಲ್ಲದು. ಮಕ್ಕಳು ಕಂಡದ್ದನ್ನು ಮಾಡಿಯೇ ನೋಡುವವರು.)

ಕೊಳವೆಯ ಉದ್ದವನ್ನು ನೀವೇ ಬದಲಿಸಬಹುದು. ಗಂಟಲಿನ ಮುಂಭಾಗದ ಗಂಟಿನ ಮೇಲೆ ಒಂದು ಬೆರಳನ್ನು ಹಗುರವಾಗಿ ಇಟ್ಟು ಎಂಜಲು ನುಂಗಿ: ಗಂಟು ಮೇಲೇರುತ್ತದೆ. ಈಗ ಆಕಳಿಸಿ: ಕೆಳಗಿಳಿಯುತ್ತದೆ. ತುಟಿಗಳನ್ನು 'ಊ' ಎನ್ನುವಂತೆ ಮುಂದೆ ಚಾಚಿದರೆ ಕೊಳವೆ ಇನ್ನಷ್ಟು ಉದ್ದ, 'ಈ' ಎಂದು ಹಲ್ಲು ಬಿಟ್ಟರೆ ಗಿಡ್ಡ. ಮುಂದೆ ಬರುವ ಎಲ್ಲ ದನಿಗಳಿಗೂ ಇದೇ ತಳಹದಿ. ಕೆಲಸವೆಲ್ಲ ತುಟಿ, ನಾಲಿಗೆ, ದವಡೆ ಮತ್ತು ಮಾತಿನ ವೇಗದ್ದು. ಗಂಟಲು ಆದಷ್ಟೂ ಸಡಿಲವಾಗಿರಲಿ.

ಮೊದಲು ಆರು ನಿಮಿಷ ದನಿ ಕಾಯಿಸುವುದು

ತಣ್ಣಗಿನ ಗಂಟಲಲ್ಲಿ ನೇರ ರಾಕ್ಷಸನಿಗೆ ಹೋಗಬೇಡಿ. ಕಾರ್ಯಕ್ರಮಕ್ಕೆ ಕಾಲು ಗಂಟೆ ಮೊದಲು ಈ ಕ್ರಮ ಸಾಕು.

1. ಒಂದು ನಿಮಿಷ: ಭುಜಗಳನ್ನು ಕಿವಿವರೆಗೆ ಎತ್ತಿ ಬಿಡಿ, ಐದು ಬಾರಿ. ದವಡೆಯ ಕೀಲಿನ ಮೇಲೆ ಬೆರಳಿಂದ ವೃತ್ತಾಕಾರವಾಗಿ ತಿಕ್ಕಿ.
2. ಒಂದು ನಿಮಿಷ: ತುಟಿಗಳನ್ನು ಸಡಿಲ ಬಿಟ್ಟು, ಮಕ್ಕಳು ಗಾಡಿ ಓಡಿಸುವಾಗ ಮಾಡುವ 'ಬುರ್ರ್' ಸದ್ದು. ತುಟಿ ಅದುರದೆ ನಿಂತುಹೋದರೆ ಉಸಿರು ಕಡಿಮೆ ಬರುತ್ತಿದೆ, ಇಲ್ಲವೇ ಕೆನ್ನೆ ಬಿಗಿಯಾಗಿದೆ ಎಂದರ್ಥ. ಎರಡು ಬೆರಳಿಂದ ಕೆನ್ನೆಗಳನ್ನು ಸ್ವಲ್ಪ ಮೇಲೆತ್ತಿಕೊಳ್ಳಿ.
3. ಎರಡು ನಿಮಿಷ: ಅರ್ಧ ಲೋಟ ನೀರಿಗೆ ಸ್ಟ್ರಾ ಇಳಿಸಿ. ತುದಿ ನೀರಿನೊಳಗೆ 2-3 ಸೆಂ.ಮೀ. ಇರಲಿ. 'ಊ' ಎಂದು ದನಿ ಮಾಡುತ್ತಾ ಗುಳ್ಳೆ ಎಬ್ಬಿಸಿ, ದನಿಯನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸಿ. ಬಾಯಲ್ಲಿ ಹುಟ್ಟುವ ಹಿಮ್ಮುಖ ಒತ್ತಡದಿಂದ ಧ್ವನಿತಂತುಗಳು ಮೆಲ್ಲಗೆ ತಾಗಿ ಕಂಪಿಸುತ್ತವೆ.
4. ಒಂದು ನಿಮಿಷ: ಬಾಯಿ ಮುಚ್ಚಿ 'ಮ್' ಎಂದು ಗುನುಗಿ. ತುಟಿಯಲ್ಲಿ, ಮೂಗಿನ ಬುಡದಲ್ಲಿ ಕಚಗುಳಿ ಇಟ್ಟಂತಾಗಬೇಕು.
5. ಒಂದು ನಿಮಿಷ: 'ಕಾಗೆ ಪುಕ್ಕ ಗುಬ್ಬಿ ಪುಕ್ಕ' ನಿಧಾನವಾಗಿ ಮೂರು ಸಲ, ವೇಗವಾಗಿ ಐದು ಸಲ. ನಾಲಿಗೆ ತೊಡರಿದರೆ ವೇಗ ಇಳಿಸಿ.

ದನಿಗಳನ್ನು ಕಟ್ಟುವ ಬಗೆ

ಅಭ್ಯಾಸಕ್ಕೆ ಒಂದೇ ವಾಕ್ಯ ಇಟ್ಟುಕೊಳ್ಳಿ: 'ನನ್ನ ಟೋಪಿ ಎಲ್ಲಿ ಹೋಯ್ತು?' ವಾಕ್ಯ ಬದಲಾಗದಿದ್ದರೆ ದನಿಯಲ್ಲಿ ಏನು ಬದಲಾಯಿತು ಎಂಬುದು ಕಿವಿಗೆ ಸ್ಪಷ್ಟವಾಗುತ್ತದೆ.

ಇಲಿ. ತುಟಿಯ ಅಂಚುಗಳನ್ನು ಕಿವಿಯತ್ತ ಎಳೆದು ನಗುವಂತೆ ಮಾಡಿ. ನಾಲಿಗೆಯ ತುದಿ ಕೆಳಗಿನ ಹಲ್ಲಿಗೆ ತಾಗಿರಲಿ, ನಡುಭಾಗ 'ಈ' ಎನ್ನುವಾಗಿನಂತೆ ಮೇಲೆದ್ದಿರಲಿ. ನಿಮ್ಮ ಮಾಮೂಲು ಶ್ರುತಿಗಿಂತ ನಾಲ್ಕೈದು ಸ್ವರ ಮೇಲೆ ಹೋದರೆ ಸಾಕು, ತಾರಕಕ್ಕೆ ಏರಬೇಕಿಲ್ಲ. ಮಾತು ಚಿಕ್ಕದು, ವೇಗವಾದದ್ದು, ನಡುನಡುವೆ ಪುಟ್ಟ ಉಸಿರು: 'ಟೋಪಿ... ನನ್ ಟೋಪಿ... ಎಲ್ಲಿ ಎಲ್ಲಿ ಎಲ್ಲಿ?' ಸಣ್ಣತನದ ಮುಕ್ಕಾಲು ಪಾಲನ್ನು ಈ ಗಡಿಬಿಡಿಯೇ ತಂದುಕೊಡುತ್ತದೆ. ಕುತ್ತಿಗೆಯ ನರ ಉಬ್ಬಿದ್ದು ಕನ್ನಡಿಯಲ್ಲಿ ಕಂಡರೆ ಎರಡು ಸ್ವರ ಇಳಿಸಿ.

ರಾಕ್ಷಸ ಅಥವಾ ಕರಡಿ. ಇಲ್ಲೇ ಹೆಚ್ಚಿನವರು ಗಂಟಲು ಕೆಡಿಸಿಕೊಳ್ಳುವುದು. ಗಂಟಲಿಗೆ ಒತ್ತಡ ಹಾಕಿ 'ಗರ್ರ್' ಎಂದರೆ ಧ್ವನಿತಂತುಗಳ ಮೇಲಿನ ಭಾಗವೂ ಬಿಗಿದುಕೊಂಡು ಕರಕರ ಎನ್ನುತ್ತದೆ. ಎರಡು ಕಾರ್ಯಕ್ರಮಗಳಲ್ಲಿ ಗಂಟಲು ಕಟ್ಟುತ್ತದೆ. ಅದರ ಬದಲು ಆಕಳಿಕೆಯ ಆರಂಭವನ್ನು ಹಿಡಿಯಿರಿ: ಗಂಟಲು ತೆರೆದುಕೊಂಡು ಗಂಟು ಕೆಳಗಿಳಿದ ಕ್ಷಣದಲ್ಲಿ ಮಾತು ಶುರುಮಾಡಿ. ತುಟಿ ಮುಂದೆ ಚಾಚಿರಲಿ. ಶ್ರುತಿ ಎರಡು-ಮೂರು ಸ್ವರ ಕೆಳಗಿಳಿದರೆ ಬೇಕಾದಷ್ಟು. ಉಳಿದ ಗಾತ್ರವನ್ನು ಕನ್ನಡದ ದೀರ್ಘ ಸ್ವರಗಳಿಂದ ಪಡೆಯಿರಿ: 'ನನ್ನ ಟೋಓಓಪಿ... ಎಲ್ಲಿ ಹೋಓಓಯ್ತು?' ಪ್ರತಿ ಪದದ ನಡುವೆ ಒಂದು ಹೆಜ್ಜೆ ಇಡುವಷ್ಟು ಬಿಡುವು ಕೊಡಿ. ದೊಡ್ಡ ಪ್ರಾಣಿಗೆ ಅವಸರವಿಲ್ಲ. ಶ್ರುತಿ ಸಹಜವಾಗಿಯೇ ಮೇಲಿರುವವರಿಗೂ ಈ ದನಿ ಒದಗುವುದು ಈ ನಿಧಾನದಿಂದಲೇ.

ನೆಗಡಿಯ ಮೂಗು. ಕನ್ನಡದಲ್ಲಿ ಇದಕ್ಕೆ ಖಚಿತ ಸೂತ್ರವಿದೆ: ಮ ಬಂದಲ್ಲೆಲ್ಲ ಬ, ನ ಬಂದಲ್ಲೆಲ್ಲ ದ. 'ನನ್ನ ಮೂಗು' ಎನ್ನುವುದು 'ದದ್ದ ಬೂಗು' ಆಗುತ್ತದೆ, 'ಅಮ್ಮ ಮನೇಲಿಲ್ಲ' ಎನ್ನುವುದು 'ಅಬ್ಬ ಬದೇಲಿಲ್ಲ'. ಗಂಟಲಿಗೆ ಇಷ್ಟೂ ಶ್ರಮವಿಲ್ಲ. ಇದನ್ನು ಮೂಗಿನಲ್ಲೇ ಗುಂಯ್‌ಗುಡುವ ದನಿಯೊಂದಿಗೆ ಬೆರೆಸಬೇಡಿ. ಅದು ಇದಕ್ಕೆ ತದ್ವಿರುದ್ಧ. ಒಂದರಲ್ಲಿ ಮೂಗು ಮುಚ್ಚಿದೆ, ಇನ್ನೊಂದರಲ್ಲಿ ಎಲ್ಲ ಅಕ್ಷರವೂ ಮೂಗಿನಿಂದಲೇ ಹೊರಡುತ್ತದೆ. ಪರೀಕ್ಷೆ ಸುಲಭ: ಮಾತಾಡುತ್ತಲೇ ಮೂಗು ಹಿಡಿದುಕೊಳ್ಳಿ. ದನಿ ಬದಲಾದರೆ ಅದು ಮೂಗುದನಿ, ಬದಲಾಗದಿದ್ದರೆ ನೆಗಡಿದನಿ.

ಯಂತ್ರಮಾನವ. ಏರಿಳಿತವಿಲ್ಲದ ಒಂದೇ ಶ್ರುತಿ, ಎಲ್ಲ ಅಕ್ಷರಕ್ಕೂ ಒಂದೇ ಅಳತೆ, ದೀರ್ಘವೂ ಹ್ರಸ್ವದಷ್ಟೇ ಗಿಡ್ಡ: 'ನನ್-ನ-ಟೊ-ಪಿ-ಎಲ್-ಲಿ-ಹೊಯ್-ತು'. ದಣಿದ ದಿನಕ್ಕೆ ಇದಕ್ಕಿಂತ ಒಳ್ಳೆಯ ಪಾತ್ರವಿಲ್ಲ.

ಕಿರುಗುಟ್ಟುವ ಮುದಿ ಮಾಟಗಾತಿ. ಉಸಿರು ಮುಗಿಯುತ್ತ ಬಂದಾಗ ದನಿ ಹಳೇ ಬಾಗಿಲಿನಂತೆ 'ಕಿರ್‌ರ್‌ರ್' ಎನ್ನುತ್ತದಲ್ಲ, ಅಷ್ಟನ್ನೇ ಬಳಸಿ. ಅದೂ ವಾಕ್ಯದ ಮೊದಲ ಅಥವಾ ಕೊನೆಯ ಪದಕ್ಕೆ ಮಾತ್ರ, ಮೆಲ್ಲಗೆ. ಇಡೀ ಸಂಭಾಷಣೆಯನ್ನು ಕರ್ಕಶವಾಗಿ ಎಳೆಯುವ ಅಗತ್ಯವಿಲ್ಲ. ಒಮ್ಮೆ ಕಿರುಗುಟ್ಟಿದರೆ ಮಕ್ಕಳು ಉಳಿದದ್ದನ್ನು ತಾವೇ ಕೇಳಿಸಿಕೊಳ್ಳುತ್ತಾರೆ.

ಪಿಸುಮಾತು ಗಂಟಲಿಗೆ ವಿಶ್ರಾಂತಿ ಎಂಬ ನಂಬಿಕೆ ಬಲವಾಗಿದೆ. ಹಿಂದಿನ ಸಾಲಿಗೂ ಕೇಳುವಂತೆ ಪಿಸುಗುಟ್ಟುವುದು ಮಾಮೂಲು ಮಾತಿಗಿಂತ ಹೆಚ್ಚು ದಣಿಸುತ್ತದೆ, ತಂತುಗಳನ್ನು ಒಣಗಿಸುತ್ತದೆ. ಗುಟ್ಟು ಹೇಳುವ ಸಂದರ್ಭದಲ್ಲಿ ದನಿಯನ್ನು ಪೂರ್ತಿ ಬಿಡದೆ, ಸ್ವಲ್ಪ ಉಸಿರು ಬೆರೆಸಿದ ತಗ್ಗಿದ ದನಿಯಲ್ಲಿ, ಕೈಯನ್ನು ಬಾಯಿಯ ಪಕ್ಕ ಹಿಡಿದು ಮಾತಾಡಿ. ಗುಟ್ಟು ಎಂಬುದನ್ನು ಕೈಯೇ ಹೇಳುತ್ತದೆ.

ಪಾತ್ರಗಳು ಒಂದರೊಳಗೊಂದು ಬೆರೆಯದಂತೆ

15-20 ನಿಮಿಷದ ಆಟಕ್ಕೆ ನಿಮ್ಮ ನಿರೂಪಣೆಯೂ ಸೇರಿ ಮೂರು ದನಿ ಸಾಕು. ನಾಲ್ಕನೆಯದು ಬಂತೆಂದರೆ ಅದು ಒಂದೇ ಸಾಲು ಹೇಳಿ ಹೋಗುವ ಪಾತ್ರವಾಗಿರಲಿ. ಐದು ದನಿ ಮಾಡಬಲ್ಲೆ ಎಂದು ಐದನ್ನೂ ತುರುಕಿದಲ್ಲಿ ಮಕ್ಕಳಿಗೆ ಯಾರು ಮಾತಾಡಿದರೆಂದೇ ತಿಳಿಯುವುದಿಲ್ಲ, ಕೊನೆಗೆ ನಿಮಗೂ ತಿಳಿಯುವುದಿಲ್ಲ.

ಪ್ರತಿ ಪಾತ್ರಕ್ಕೂ ಮೂರು ಗುರುತು ಕೊಡಿ: ಬಾಯಿಯ ಒಂದು ಆಕಾರ, ಮೈಯ ಒಂದು ಭಂಗಿ, ಒಂದು ಕೀಲಿಮಾತು. ಇಲಿಗೆ ಎದೆಯ ಹತ್ತಿರ ಎರಡು ಕೈ, 'ಅಯ್ಯಯ್ಯೋ!' ಕರಡಿಗೆ ಜೋತುಬಿದ್ದ ಭುಜ, 'ಹೂಂಂಂ...' ದನಿ ತಪ್ಪಿಹೋದಾಗ, ಅದು ತಪ್ಪಿಯೇ ತಪ್ಪುತ್ತದೆ, ಭಂಗಿ ಹಿಡಿದು ಕೀಲಿಮಾತು ಹೇಳಿದರೆ ಬಾಯಿ ತಾನಾಗಿ ಆ ಆಕಾರಕ್ಕೆ ಮರಳುತ್ತದೆ. ಇಲಿ ಯಾವಾಗಲೂ ಬಲಕ್ಕೆ ತಿರುಗಿ ಮೇಲೆ ನೋಡಲಿ, ಕರಡಿ ಎಡಕ್ಕೆ ತಿರುಗಿ ಕೆಳಗೆ. ಪೂರ್ತಿ ಪಕ್ಕಕ್ಕೆ ತಿರುಗಬೇಡಿ. ಮುಖ ಕಾಣದಿದ್ದರೆ ದನಿಯ ಅರ್ಧ ತಮಾಷೆ ಹೋಗುತ್ತದೆ. ನಿರೂಪಕ ಮಾತ್ರ ಮಕ್ಕಳನ್ನು ನೇರ ನೋಡುತ್ತಾನೆ.

ಒಂದು ಪಾತ್ರದಿಂದ ಇನ್ನೊಂದಕ್ಕೆ ಹೋಗುವ ಕ್ರಮ: ಮಾತು ನಿಲ್ಲಿಸಿ, ಮೊದಲು ಮೈ ತಿರುಗಿಸಿ, ಮುಖ ಬದಲಿಸಿ, ಉಸಿರು ತೆಗೆದುಕೊಳ್ಳಿ, ಆಮೇಲೆ ದನಿ. ಅವಸರದಲ್ಲಿ ದನಿ ಮೊದಲು ಬಂದು ಮುಖ ಆಮೇಲೆ ಬಂದರೆ ಕರಡಿಯ ಮೊದಲ ಪದ ಇಲಿಯ ಬಾಯಿಂದ ಬಿದ್ದಂತಾಗುತ್ತದೆ. ಎರಡೂ ಸಣ್ಣ ಪ್ರಾಣಿಗಳೇ ಆಗಿದ್ದರೆ ಶ್ರುತಿಯಲ್ಲಿ ಬೇರೆ ಮಾಡಲು ಹೋಗಬೇಡಿ. ಒಂದು ಪಟಪಟ ಮಾತಾಡಲಿ, ಇನ್ನೊಂದು ತೂಕಡಿಸುತ್ತಾ ಎಳೆಯಲಿ.

ಕಣ್ಣು ಮುಚ್ಚಿ ಕುಳಿತ ಒಬ್ಬರಿಗೆ ಸಂಭಾಷಣೆಯನ್ನು ನಿರೂಪಣೆಯಿಲ್ಲದೆ ಕೇಳಿಸಿ. 'ಈಗ ಯಾರು?' ಎಂದಾಗ ಹತ್ತು ಸಾಲಿನಲ್ಲಿ ಎರಡಕ್ಕಿಂತ ಹೆಚ್ಚು ತಪ್ಪು ಬಂದರೆ ಪಾತ್ರಗಳ ನಡುವಿನ ಅಂತರ ಸಾಲದು.

ನಗೆ ಎಲ್ಲಿಂದ ಬರುತ್ತದೆ

ದನಿ ತಯಾರಾಯಿತು, ಈಗ ಅದನ್ನು ಆಡಿಸಬೇಕು. ನಂಬಿಕಸ್ಥ ಕ್ರಮ ಇದು: ಸಹಜ ದನಿಯಲ್ಲಿ ಮಾತಾಡುತ್ತಿರಿ. ನಡುವೆ ಒಂದೇ ಪದ ಕೀರಲಾಗಿ ಹೊರಬೀಳಲಿ. ನಿಲ್ಲಿಸಿ. ನೀವೇ ಗಾಬರಿಯಾಗಿ ಅತ್ತಿತ್ತ ನೋಡಿ, 'ಯಾರದು ಮಾತಾಡಿದ್ದು?' ಎನ್ನಿ. ಮಕ್ಕಳು 'ನೀವೇ!' ಎಂದು ಕೂಗುತ್ತಾರೆ. ನಂಬದವರಂತೆ ತಲೆಯಾಡಿಸಿ ಮುಂದುವರಿಸಿ. ಎರಡನೇ ಸಲ ಅದೇ ಜಾಗದಲ್ಲಿ ಮತ್ತೆ. ಮೂರನೇ ಸಲ ಮಕ್ಕಳು ಕಾಯುತ್ತಿರುತ್ತಾರೆ, ಆಗ ಕೀರಲಿನ ಬದಲು ರಾಕ್ಷಸನ ದನಿ ಬರಲಿ. ನಗೆ ಸಿಡಿಯುವುದು ಇಲ್ಲಿ. ನಗು ಏರುತ್ತಿರುವಾಗ ಮಾತಾಡಬೇಡಿ; ಅದು ಏರಿ ಇಳಿಯಲು ಶುರುವಾದಾಗ ಮುಂದಿನ ಸಾಲು ಹಿಡಿಯಿರಿ. ನಗುವಿನ ಮೇಲೆ ಮಾತಾಡಿದರೆ ಮಕ್ಕಳು ನಗುವುದನ್ನೇ ನಿಲ್ಲಿಸಿ ಕೇಳಲು ಕೂರುತ್ತಾರೆ.

ಹೊಂದದ ದನಿ ಇನ್ನೊಂದು ಬಗೆ: ಆನೆಗೆ ಇಲಿಯ ದನಿ, ಇರುವೆಗೆ ಗುಡುಗಿನ ದನಿ. ಆನೆ ಹೇಗೆ ಮಾತಾಡಬೇಕೆಂಬ ಕಲ್ಪನೆ ಮೊದಲೇ ಇರುವ ಮಗುವಿಗೆ ಮಾತ್ರ ಇದು ತಮಾಷೆ. 3 ವರ್ಷಕ್ಕಿಂತ ಚಿಕ್ಕವರ ಮುಂದೆ ಸಾಮಾನ್ಯವಾಗಿ ಸಪ್ಪೆಯಾಗುತ್ತದೆ. 'ದನಿ ಕಳೆದುಹೋಯಿತು' ಆಟವಂತೂ ಗಂಟಲಿಗೆ ವರದಾನ: ಬಾಯಿ ಆಡುತ್ತದೆ, ಸದ್ದಿಲ್ಲ, ಜೇಬಿನಲ್ಲಿ ಹುಡುಕಿ, ಶೂ ಒಳಗೆ ಇಣುಕಿ, ಕೊನೆಗೆ ಮಕ್ಕಳು ಗಾಳಿಯಲ್ಲಿ ಹಿಡಿದು ಎಸೆದ ದನಿಯನ್ನು ನುಂಗಿ ಬಾಯಿ ತೆರೆದರೆ ತಪ್ಪು ದನಿ ಹೊರಬರುತ್ತದೆ. ಎರಡು ನಿಮಿಷ ಗಂಟಲಿಗೆ ರಜೆ, ಮಕ್ಕಳಿಗೆ ಪೂರ್ತಿ ಕೆಲಸ.

5ರಿಂದ 7 ವರ್ಷದವರಿಗೆ ಕನ್ನಡದ ಸ್ವರಗಳೇ ಆಟಿಕೆ. ವಾಕ್ಯದ ಎಲ್ಲ ಸ್ವರಗಳನ್ನೂ ಒಂದೇ ಸ್ವರಕ್ಕೆ ತಿರುಗಿಸಿ: 'ಆನೆ ಬಂತು' ಎನ್ನುವುದು ಒಂದು ಗೊಂಬೆಯ ಬಾಯಲ್ಲಿ 'ಈನೀ ಬೀಂತೀ', ಇನ್ನೊಂದರ ಬಾಯಲ್ಲಿ 'ಓನೋ ಬೋಂತೋ'. ಈ ವಯಸ್ಸಿನವರು ತಪ್ಪು ಹಿಡಿಯುವುದರಲ್ಲಿ ಸುಖ ಕಾಣುತ್ತಾರೆ, ಆದ್ದರಿಂದ ತಿದ್ದಲು ಅವರಿಗೇ ಬಿಡಿ. ಅಕ್ಷರಕ್ಕೊಂದು ಕ ಸೇರಿಸುವ ಕ-ಭಾಷೆಯನ್ನು ಗೊತ್ತಿದ್ದವರು ಅಲ್ಲೇ ಶುರುಮಾಡುತ್ತಾರೆ. ದಬದಬ, ಸರಸರ, ಗುಡುಗುಡು, ಪಟಪಟ ಇಂಥ ಅನುಕರಣ ಪದಗಳನ್ನು ಪಾತ್ರದ ನಡಿಗೆಗೆ ಕಟ್ಟಿದರೆ 2 ವರ್ಷದವರೂ ಜೊತೆಗೂಡುತ್ತಾರೆ.

ಇನ್ನೂ ಚಿಕ್ಕವರಿಗೆ, ಅಂದರೆ ಒಂದೂವರೆ ವರ್ಷದೊಳಗಿನವರಿಗೆ, ಪಾತ್ರವೇ ಬೇಕಿಲ್ಲ. ಏರಿಳಿತ ಹೆಚ್ಚಿರುವ, ನಿಧಾನದ, ಹಾಡಿನಂಥ ಮಾತೇ ಅವರ ಗಮನ ಹಿಡಿಯುತ್ತದೆ.

ಯಾರನ್ನು ಅನುಕರಿಸಬಾರದು ಎಂಬುದೂ ಇಲ್ಲೇ ಹೇಳಬೇಕಾದ ಮಾತು. ಉಗ್ಗು, ತೊದಲು, ಬೇರೆ ಊರಿನವರ ಮಾತಿನ ಧಾಟಿ, ಕೇಳಿಸದವರ ಉಚ್ಚಾರ ಇವು ತಮಾಷೆಯ ದನಿಗಳಲ್ಲ. ಎದುರಿಗೆ ಕೂತ ಮಕ್ಕಳಲ್ಲಿ ರ, ಳ, ಷ ಇನ್ನೂ ನಾಲಿಗೆಗೆ ಸಿಗದವರು ಎಷ್ಟೋ ಮಂದಿ ಇರುತ್ತಾರೆ. 'ಲಾಜ ಲಥ ಏಲಿದ' ಎಂದು ನೀವು ನಗಿಸಿದರೆ ಮರುದಿನದಿಂದ ಪಕ್ಕದವರು ಅಣಕಿಸುವುದು ಅಂಥ ಮಗುವನ್ನೇ.

ಮಗು ಹೆದರಿದರೆ

2-3 ವರ್ಷದವರಿಗೆ ಪಾತ್ರ ಯಾವುದು, ಆಡುವವರು ಯಾರು ಎಂಬ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಪರಿಚಿತ ಮುಖದಿಂದ ಅಪರಿಚಿತ ದನಿ ಹೊರಟರೆ ಅವರಿಗೆ ಆ ಮನುಷ್ಯರೇ ಬದಲಾದಂತೆ. ಅಳುವಿಗೆ ಸಾಮಾನ್ಯವಾಗಿ ಮೂರು ಕಾರಣ: ದನಿ ಥಟ್ಟನೆ ಜೋರಾಗಿ ಬಂತು, ತೀರಾ ಹತ್ತಿರದಿಂದ ಬಂತು, ಅಥವಾ ಮುಖ ಕಾಣದ ಕಡೆಯಿಂದ ಬಂತು.

ತಪ್ಪಿಸುವ ಕ್ರಮ ಹೀಗೆ. ಮುಂದಿನ ಸಾಲಿನಿಂದ ಸುಮಾರು 2 ಮೀಟರ್ ದೂರವಿರಿ. 'ಈಗ ನಾನು ಕರಡಿ ಆಗ್ತೀನಿ, ನೋಡ್ತೀರಾ?' ಎಂದು ಸಹಜ ದನಿಯಲ್ಲಿ ಕೇಳಿ. ಅವರ ಕಣ್ಣೆದುರೇ ಭಂಗಿ ಬದಲಿಸಿ. ಮೊದಲ ಸಾಲು ಮೆಲ್ಲಗಿರಲಿ. ಮಕ್ಕಳ ಮುಖ ನೋಡಿ, ಸರಿ ಎನಿಸಿದರೆ ಎರಡನೇ ಸಾಲಿಗೆ ದನಿ ಏರಿಸಿ. ಕರಡಿಯಾಗಿರುವಾಗ ಮಕ್ಕಳತ್ತ ಹೆಜ್ಜೆ ಇಡಬೇಡಿ, ಹಿಂದಕ್ಕೆ ಇಡಿ. ಕೆಟ್ಟ ಪಾತ್ರದ ದನಿಯಲ್ಲಿ ಒಂದೇ ಮಗುವನ್ನು ಗುರಿಮಾಡಿ ಎಂದೂ ಮಾತಾಡಬೇಡಿ.

ಇಷ್ಟಾದರೂ ಒಂದು ಮಗು ಮುಖ ಮುಚ್ಚಿಕೊಂಡರೆ ಅಥವಾ ಮೈ ಬಿಗಿದು ಸುಮ್ಮನಾದರೆ (ಅಳುವಿಗಿಂತ ಮೊದಲು ಬರುವುದು ಇದೇ) ತಕ್ಷಣ ನಿಮ್ಮ ದನಿಗೆ ಮರಳಿ, ಕರಡಿಗೆ ಏನಾದರೂ ಪೆದ್ದುತನ ಮಾಡಿಸಿ: ಸೀನಲಿ, ತನ್ನ ನೆರಳಿಗೇ ಹೆದರಲಿ. ಅಳುತ್ತಿರುವ ಮಗುವನ್ನು ಸಮಾಧಾನಪಡಿಸಲು ನೀವೇ ಹತ್ತಿರ ಹೋಗಬೇಡಿ, ಹೆದರಿಸಿದವರೇ ಬಂದಂತಾಗುತ್ತದೆ. ಜೊತೆಗಿರುವ ದೊಡ್ಡವರಿಗೆ ಬಿಡಿ. ಸದ್ದು ತಡೆಯಲಾಗದ ಮಕ್ಕಳು ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ, ಅವರನ್ನು ಬಾಗಿಲ ಹತ್ತಿರ ಕೂರಿಸುವಂತೆ ಹೇಳಿ. ಜೋರು ದನಿ ಎಲ್ಲಿ ಬರುತ್ತದೆ ಎಂಬುದನ್ನೂ ತಿಳಿಸಿಡಿ.

ಗದ್ದಲ, ಮೈಕು, ನೀರು

ಸುತ್ತ ಸದ್ದಿದ್ದರೆ ಮನುಷ್ಯ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಇದನ್ನು ಗುರುತಿಸಿದ ಫ್ರಾನ್ಸಿನ ವೈದ್ಯನ ಹೆಸರಿನಲ್ಲಿ ಲೊಂಬಾರ್ಡ್ ಪರಿಣಾಮ ಎನ್ನುತ್ತಾರೆ. ಮಕ್ಕಳು ನಕ್ಕು ಕೂಗಿದಷ್ಟೂ ನೀವು ಕಿರುಚುತ್ತೀರಿ, ನೀವು ಕಿರುಚಿದಷ್ಟೂ ಅವರು. ಸರಪಳಿ ಕಡಿಯುವುದಕ್ಕೆ ಪೂರ್ತಿ ನಿಲ್ಲಿಸಿ, ಅತಿ ಸಣ್ಣ ಪಾತ್ರಕ್ಕೆ ಹೊರಳಿ ಸದ್ದಿಲ್ಲದೆ ತುಟಿ ಅಲ್ಲಾಡಿಸಿ; ಮುಂದಿನ ಸಾಲು 'ಶ್...' ಎಂದು ಹಿಂದಿನವರನ್ನು ಸುಮ್ಮನಾಗಿಸುತ್ತದೆ.

30ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಅಥವಾ ಬಯಲಲ್ಲಾದರೆ ಮೈಕ್ ಬೇಕು. ತಲೆಗೆ ಸಿಕ್ಕಿಸುವ ಮೈಕನ್ನು ಬಾಯಿಯ ಅಂಚಿನಿಂದ ಸುಮಾರು 2 ಸೆಂ.ಮೀ. ಪಕ್ಕಕ್ಕೆ ಇಡಿ, ನೇರ ಮುಂದೆ ಇದ್ದರೆ ಪ, ಫ, ಬ, ಭ ಬಂದಾಗಲೆಲ್ಲ ಉಸಿರು ಬಡಿದು 'ಧಪ್' ಎನ್ನುತ್ತದೆ. ಕೈಮೈಕ್ ಆದರೆ ಅದನ್ನೇ ಸಾಧನ ಮಾಡಿಕೊಳ್ಳಿ. ಸಾಮಾನ್ಯ ಕೈಮೈಕ್ ತುಟಿಯ ಹತ್ತಿರ ಬಂದಷ್ಟೂ ಕೆಳದನಿಯನ್ನು ಉಬ್ಬಿಸುತ್ತದೆ, ಹಾಗಾಗಿ ರಾಕ್ಷಸನಿಗೆ 2-3 ಸೆಂ.ಮೀ., ಕೀರಲಿಗೆ 15-20 ಸೆಂ.ಮೀ. ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಸ್ಪೀಕರ್ ಕೂಗತೊಡಗುತ್ತದೆ.

ಕುಡಿದ ನೀರು ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ, ಅದು ಅನ್ನನಾಳಕ್ಕೆ ಹೋಗುತ್ತದೆ. ಮೈಯೊಳಗಿಂದ ತೇವ ತಲುಪಲು ಹೊತ್ತು ಬೇಕು, ಆದ್ದರಿಂದ ವೇದಿಕೆ ಏರುವಾಗ ಲೋಟಗಟ್ಟಲೆ ಕುಡಿಯುವ ಬದಲು ಬೆಳಗಿನಿಂದ ಗುಟುಕು ಗುಟುಕಾಗಿ ಕುಡಿಯಿರಿ. ಗಂಟಲು ಕೆರೆದರೆ ಕ್ಯಾಕರಿಸಬೇಡಿ. ಆ ಒಂದು ಸದ್ದಿನಲ್ಲಿ ತಂತುಗಳು ಪಟಾರೆಂದು ಬಡಿದುಕೊಳ್ಳುತ್ತವೆ. ಎಂಜಲು ನುಂಗಿ, ಇಲ್ಲವೇ 'ಮ್' ಎಂದು ಗುನುಗಿ. ಕಾರ್ಯಕ್ರಮ ಮುಗಿದ ಮೇಲೆ ಎರಡು ನಿಮಿಷ ಮತ್ತೆ ಸ್ಟ್ರಾ ಗುಳ್ಳೆ. ದನಿ ಬಿದ್ದ ದಿನ ಕರಡಿಯನ್ನು ಕೈಬಿಟ್ಟು ನೆಗಡಿ ಮೂಗು, ಯಂತ್ರಮಾನವ, ಕಳೆದುಹೋದ ದನಿ ಈ ಮೂರರಲ್ಲೇ ಮುಗಿಸಿ. ಗೊಗ್ಗರು 3 ವಾರ ದಾಟಿದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು.

ಆಟ ಮುಗಿದ ಮೇಲೆ ಮಕ್ಕಳು ಸುತ್ತುವರಿದು 'ಇಲಿ ಥರ ಮಾತಾಡಿ, ಇನ್ನೊಂದ್ಸಲ, ಇನ್ನೊಂದ್ಸಲ' ಎನ್ನುತ್ತಾರೆ. ಹತ್ತು ಸಲ ಮಾಡಿ ತೋರಿಸುವ ಬದಲು ಅವರಿಗೇ ಕಲಿಸಿ: 'ಹಲ್ಲು ಕಾಣೋ ಹಾಗೆ ನಗು, ನಾಲಿಗೆ ತುದಿ ಕೆಳಗಿನ ಹಲ್ಲಿಗೆ ಮುಟ್ಟಿಸು, ಈಗ ಮೆತ್ತಗೆ ನಿನ್ನ ಹೆಸರು ಹೇಳು ನೋಡೋಣ.' ಜೋರಾಗಿ ಕಿರುಚಿದವರಿಗೆ ಇಲಿ ಬೆಕ್ಕಿನ ಕಿವಿಗೆ ಬೀಳದ ಹಾಗೆ ಮಾತಾಡುತ್ತದೆ ಎಂದು ನೆನಪಿಸಿ.